ಬೆಳಕನ್ನು ತಡೆಯುವ ಮಸಿ: ಸ್ಕ್ರೀನ್ ಮುದ್ರಣದ ಫಿಲ್ಮ್ ಪಾಸಿಟಿವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಮುದ್ರಣಕಲೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಅಚ್ಚುಮೊಳೆಯನ್ನೂ ಮುದ್ರಣಯಂತ್ರವನ್ನೂ ಕುರಿತೇ ಬರೆದಿದ್ದಾರೆ. ನಮ್ಮ ಊರುಗಳಲ್ಲಿ ಮದುವೆಯ ಆಮಂತ್ರಣಪತ್ರಿಕೆ, ಬಟ್ಟೆಯ ಕೈಚೀಲ ಮೊದಲಾದುವುಗಳ ಮೇಲೆ ಅಚ್ಚು ಹಾಕುವ ಸ್ಕ್ರೀನ್ ಮುದ್ರಣಕ್ಕೆ ಅಲ್ಲಿ ದೊರೆತಿರುವ ಸ್ಥಾನವು ಅಲ್ಪವಾದುದು. ಈ ಕಸುಬಿಗೆ ಬೇಕಾದ ಫಿಲ್ಮ್ ಪಾಸಿಟಿವನ್ನು ಇಂದು ಇಂಕ್‌ಜೆಟ್ ಪ್ರಿಂಟರಿನಿಂದ ತೆಗೆಯುವುದನ್ನು ಕಂಡು, ಕಂಪ್ಯೂಟರು ಹಳೆಯ ಕಸುಬನ್ನೇ ಬುಡಮೇಲು ಮಾಡಿತೆಂದು ಭಾವಿಸುವವರುಂಟು. ಈ ಭಾವನೆಯು ಪೂರ್ತಿ ಸರಿಯಲ್ಲವೆಂಬುದನ್ನೂ, ಪ್ರಿಂಟರನ್ನು ಆರಿಸುವ ನಿಯಮಗಳು ಹತ್ತೊಂಬತ್ತನೆಯ ಶತಮಾನದ ಒಂದು ರಾಸಾಯನಿಕ ತತ್ತ್ವದಿಂದಲೇ ಹುಟ್ಟಿದುವೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಸ್ಕ್ರೀನ್ ಮುದ್ರಣದ ಮೂಲವು ಕೊರೆದ ಅಚ್ಚು. ರಂಗವಲ್ಲಿಯ ತೂತುತಗಡನ್ನು ಬಲ್ಲವರಿಗೆ ಇದರ ಕ್ರಮವನ್ನು ವಿವರಿಸಬೇಕಾಗಿಲ್ಲ. ಆದರೆ ಕೊರೆದ ಅಚ್ಚಿಗೆ ಒಂದು ದೋಷವುಂಟು: ಸೊನ್ನೆಯನ್ನು ಕತ್ತರಿಸಿದರೆ ನಡುವಿನ ತುಂಡು ಉದುರಿಹೋಗುತ್ತದೆ. ಜಪಾನಿನ ಕತಗಾಮಿ ಕುಶಲಿಗಳು ಅಂತಹ ತುಂಡುಗಳನ್ನು ರೇಷ್ಮೆಯ ನೂಲಿನಿಂದ ಹಿಡಿದಿರಿಸುತ್ತಿದ್ದರು. 1907ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬಾತನು ಚೌಕಟ್ಟಿಗೆ ಬಿಗಿದ ರೇಷ್ಮೆಯ ಬಟ್ಟೆಯನ್ನೇ ಅಚ್ಚಿನ ಆಧಾರವನ್ನಾಗಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದನು. ಬಟ್ಟೆಯೇ ಆಧಾರವಾದುದರಿಂದ ಯಾವ ತುಂಡೂ ಉದುರುವ ಭಯವುಳಿಯಲಿಲ್ಲ.

ಇನ್ನು ಬೆಳಕಿನ ಪಾತ್ರ. ಪೊಟ್ಯಾಸಿಯಂ ಡೈಕ್ರೊಮೇಟಿನ ಮೇಲೆ ಬೆಳಕು ಪರಿಣಾಮ ಮಾಡುವುದನ್ನು 1839ರಲ್ಲಿ ಮಂಗೊ ಪಾಂಟನ್ ಗುರುತಿಸಿದ್ದನು. ಆ ಲವಣ ಬೆರೆತ ಜೆಲಟಿನ್ ಬೆಳಕು ತಗಲಿದೆಡೆ ನೀರಿನಲ್ಲಿ ಕರಗದಂತೆ ಗಟ್ಟಿಯಾಗುವುದನ್ನು 1852ರಲ್ಲಿ ಫಾಕ್ಸ್ ಟಾಲ್ಬಟ್ ಕಂಡುಕೊಂಡನು. ಇಂದಿನ ಎಮಲ್ಷನ್ನುಗಳ ದ್ರವ್ಯಗಳು ಬೇರೆಯಾದರೂ ತತ್ತ್ವವು ಅದೇ. ಎಮಲ್ಷನ್ ಸವರಿ ಒಣಗಿಸಿದ ಬಟ್ಟೆಯ ಮೇಲೆ ಚಿತ್ರವಿರುವ ಪಾರದರ್ಶಕ ಫಿಲ್ಮನ್ನು ಒತ್ತಿಟ್ಟು ಬೆಳಕು ಹಾಯಿಸಿದರೆ, ಕಪ್ಪಿನ ಕೆಳಗಿರುವ ಭಾಗವು ಮೆತ್ತಗೆ ಉಳಿದು ನೀರಿಗೆ ತೊಳೆದುಹೋಗುತ್ತದೆ. ಮಿಕ್ಕುದು ಗಟ್ಟಿಯಾಗಿ ನಿಲ್ಲುತ್ತದೆ. ಆದುದರಿಂದ ಫಿಲ್ಮ್ ಪಾಸಿಟಿವಿನ ಧರ್ಮವು ಅಂದವಾಗಿ ಕಾಣುವುದಲ್ಲ, ಬೆಳಕನ್ನು ತಡೆಯುವುದು. ಅದರಲ್ಲಿಯೂ ಎಮಲ್ಷನ್ನಿಗೆ ತಾಗುವ ನೇರಳಾತೀತ ಕಿರಣವನ್ನು ತಡೆಯುವುದು.

ಇದಕ್ಕೆ ರೂಬಿಲಿತ್ ಎಂಬ ಕೆಂಪು ಫಿಲ್ಮಿಗಿಂತ ಉತ್ತಮ ಸಾಕ್ಷಿಯಿಲ್ಲ. ಚಿತ್ರಕಾರನು ಅದರ ಕೆಂಪು ಪೊರೆಯನ್ನು ಚಾಕುವಿನಿಂದ ಕತ್ತರಿಸಿ, ಬೇಡವಾದುದನ್ನು ಸುಲಿದು ಪಾಸಿಟಿವನ್ನು ಸಿದ್ಧಪಡಿಸುತ್ತಿದ್ದನು. ಕಣ್ಣಿಗೆ ಅದರ ಆಚೆಬದಿ ಕಾಣುತ್ತಿತ್ತು. ಎಮಲ್ಷನ್ನಿಗೆ ಮಾತ್ರ ಅದು ಕಪ್ಪೇ ಆಗಿತ್ತು. 1971ರಲ್ಲಿ ಹೊರಬಂದ ಇಂಟೆಲ್ 4004 ಎಂಬ ಮೈಕ್ರೊಪ್ರೊಸೆಸರಿನ ನಕ್ಷೆಯನ್ನೂ ರೂಬಿಲಿತ್‌ನಲ್ಲಿಯೇ ಕತ್ತರಿಸಿದ್ದರು. ಕಂಪ್ಯೂಟರು ಈ ಕಸುಬನ್ನು ಬದಲಿಸುವ ಮೊದಲೇ ಈ ಕಸುಬಿನ ಸಾಮಗ್ರಿಯು ಕಂಪ್ಯೂಟರಿನ ನಿರ್ಮಾಣಕ್ಕೆ ನೆರವಾಗಿತ್ತೆಂಬುದು ಗಮನಾರ್ಹ.

ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಥಿಂಕ್‌ಜೆಟ್ 1984ರಲ್ಲಿ ಮಾರುಕಟ್ಟೆಗೆ ಬಂದ ತರುವಾಯ ಇಂಕ್‌ಜೆಟ್ ಪ್ರಿಂಟರು ಮೇಜಿನ ಮೇಲಿನ ವಸ್ತುವಾಯಿತು. ಆದರೆ ಅದು ಕಾಗದಕ್ಕಾಗಿ ಹುಟ್ಟಿದ ಯಂತ್ರ. ಕಾಗದದ ಮೇಲೆ ಬಿದ್ದ ಬೆಳಕು ಮಸಿಯನ್ನು ಹೋಗುವಾಗ ಒಮ್ಮೆ, ಹಿಂದಿರುಗುವಾಗ ಒಮ್ಮೆ ದಾಟುತ್ತದೆ; ಫಿಲ್ಮಿನಲ್ಲಿ ಒಮ್ಮೆ ಮಾತ್ರ. ಆದಕಾರಣ ಕಾಗದದ ಮೇಲೆ ಕಡುಕಪ್ಪಾದ ಮಸಿಯು ಫಿಲ್ಮಿನ ಮೇಲೆ ತೆಳುವಾಗಿ ಪರಿಣಮಿಸುತ್ತದೆ. ಬೆಳಕು ಸೋರಿದರೆ ಗೆರೆಗಳು ತೊಳೆದುಹೋಗುವುದಿಲ್ಲ. ಅದಕ್ಕೆಂದು ಬೆಳಕಿನ ಅವಧಿಯನ್ನು ತಗ್ಗಿಸಿದರೆ ಅಚ್ಚೇ ಬಲಹೀನವಾಗಿ ಮುದ್ರಣದ ನಡುವೆ ಹರಿಯುತ್ತದೆ.

ಆಯ್ಕೆಯ ನಿಯಮಗಳೆಲ್ಲವೂ ಇದರಿಂದಲೇ ಹೊರಡುತ್ತವೆ. ಕಪ್ಪಿನ ಸಾಂದ್ರತೆಯು 3ರಷ್ಟಾದರೂ ಇರುವುದು ಒಳ್ಳೆಯದು. ಎಂದರೆ ಬಿದ್ದ ಬೆಳಕಿನ 1000 ಪಾಲಿನಲ್ಲಿ 1 ಪಾಲು ಮಾತ್ರ ದಾಟಬೇಕು. ಮಸಿಯನ್ನು ಹೀರಿ ಹಿಡಿಯುವ ಲೇಪವುಳ್ಳ ಫಿಲ್ಮು ಬೇಕು. ಮಸಿಯ ಪ್ರಮಾಣವನ್ನು ಹೆಚ್ಚಿಸಿ, ಛಾಯೆಗಳನ್ನು ಚುಕ್ಕಿಗಳನ್ನಾಗಿ ಒಡೆದುಕೊಡುವ ರಿಪ್ ಎಂಬ ತಂತ್ರಾಂಶಕ್ಕೆ ಪ್ರಿಂಟರು ಒಗ್ಗುವಂತಿರಬೇಕು. ಅಂಗುಲಕ್ಕೆ 45 ಸಾಲು ಚುಕ್ಕಿಗಳಿದ್ದರೆ ಜಾಲರಿಯಲ್ಲಿ ಅದರ ನಾಲ್ಕೈದು ಪಟ್ಟು, ಎಂದರೆ 180ರಿಂದ 225 ಎಳೆಗಳಿರುವುದು ವಾಡಿಕೆ. ಮುದ್ರಿತವಾದ ಬದಿಯು ಪೂರ್ಣವಾಗಿ ಒಣಗಿದ ಮೇಲೆಯೇ ಎಮಲ್ಷನ್ನಿಗೆ ತಾಗುವಂತೆ ಇಡಬೇಕು. ಲೇಸರ್ ಪ್ರಿಂಟರಿನ ಶಾಖಕ್ಕೆ ಫಿಲ್ಮು ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಕೂಡದಿರುವ ಸಂಭವವುಂಟಾದುದರಿಂದ, ಹಲವು ಬಣ್ಣಗಳ ಕೆಲಸಕ್ಕೆ ಇಂಕ್‌ಜೆಟ್ಟೇ ಮೇಲು.

ಹೀಗೆ ಚಾಕುವಿನ ಸ್ಥಾನಕ್ಕೆ ಪ್ರಿಂಟರು ಬಂದಿತಾದರೂ ಚಾಕುವನ್ನು ಆಳಿದ ನಿಯಮವೇ ಪ್ರಿಂಟರನ್ನೂ ಆಳುತ್ತಿದೆ. ಹೊಸ ಯಂತ್ರವನ್ನು ಕಂಡೊಡನೆ ಹೊಸ ಯುಗವೆಂದು ಹೆಸರಿಡುವ ಮುನ್ನ, ಯಾವ ಕೊಂಡಿ ಬದಲಾಯಿತು, ಯಾವುದು ಉಳಿಯಿತು ಎಂಬುದನ್ನು ವಿದ್ಯಾರ್ಥಿಗಳು ಪರಿಶೀಲಿಸುವುದು ಯುಕ್ತ. ಇನ್ನೊಂದು ಮಾತು. ಕಂಪ್ಯೂಟರಿನಲ್ಲಿ ಉಳಿದ ಚಿತ್ರವು ಯಾವ ಮಸಿ, ಯಾವ ಫಿಲ್ಮು, ಎಷ್ಟು ಸಾಂದ್ರತೆ ಎಂಬುದನ್ನು ಹೇಳಲಾರದು. ಅದಕ್ಕೆ ಫಿಲ್ಮೇ ಆಧಾರ. ಕೆಲಸ ಮುಗಿದೊಡನೆ ರದ್ದಿಗೆ ಬೀಳುವ ಈ ಹಾಳೆಗಳಲ್ಲಿ ಕೆಲವನ್ನಾದರೂ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ದಿನಾಂಕ ಬರೆದು ಕಾಪಾಡಿದರೆ, ಮುಂದೆ ಈ ಕಸುಬಿನ ಚರಿತ್ರೆಯನ್ನು ಬರೆಯುವವರು ಬರಿಯ ಊಹೆಯನ್ನು ಅವಲಂಬಿಸಬೇಕಾಗುವುದಿಲ್ಲ.