ಇಡುಗಂಟು, ಗೇಣಿ, ಬಡ್ಡಿ: ಬ್ರಹ್ಮಾವರ–ಕುಂದಾಪುರ ಸೀಮೆಯ ಚರ್ಚುಗಳ ದತ್ತಿನಿಧಿ

1889ರ ಜುಲೈ ತಿಂಗಳು ಕೇರಳದ ಮಲಂಕರ ಸಭೆಯ ಚರಿತ್ರೆಯಲ್ಲಿ ಎರಡು ಕಾರಣಗಳಿಗಾಗಿ ಮುಖ್ಯವಾದುದು. ಕೊಟ್ಟಾಯಂನ ಹಳೆ ಸೆಮಿನರಿಯ ಆಸ್ತಿ ಯಾರದೆಂದು 1879ರಿಂದ ನಡೆದಿದ್ದ ದಾವೆಯನ್ನು ತಿರುವಾಂಕೂರಿನ ರಾಯಲ್ ಕೋರ್ಟು ಸಭೆಯ ಮೆಟ್ರೊಪಾಲಿಟನ್ ಐದನೆಯ ಮಾರ್ ದಿವನ್ನಾಸಿಯೋಸರ ಪರವಾಗಿ ಇತ್ಯರ್ಥಪಡಿಸಿತು. ಅದೇ ತಿಂಗಳು ಗೋವೆಯ ಪಾದ್ರಿ ಆಲ್ವಾರಿಸರು ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪ್ ದೀಕ್ಷೆ ಪಡೆದರು. ರೋಮ್ ಮತ್ತು ಪೋರ್ತುಗಲ್ ನಡುವಿನ 1886ರ ಒಪ್ಪಂದದಿಂದಾಗಿ ತಮ್ಮ ಮೇಲಿದ್ದ ಗೋವೆಯ ಚರ್ಚಿನ ಆಡಳಿತ ಕೈತಪ್ಪಿದ್ದಕ್ಕೆ ಬೇಸತ್ತಿದ್ದ ಬ್ರಹ್ಮಾವರದ ಕೊಂಕಣಿ ಕುಟುಂಬಗಳು ಅವರ ಹಿಂದೆ ನಡೆದವು. ಹೀಗೆ ಅವು ಸೇರಿಕೊಂಡ ಸಭೆಗೆ ಆಗಲೇ 80 ವರ್ಷ ದಾಟಿದ ಒಂದು ಇಡುಗಂಟು ಇತ್ತು.

ಅದೇ ವಟ್ಟಿಪ್ಪಣಂ, ಎಂದರೆ ಬಡ್ಡಿಹಣ. 1808ರಲ್ಲಿ ಬ್ರಿಟಿಷ್ ರೆಸಿಡೆಂಟ್ ಕರ್ನಲ್ ಮೆಕಾಲೆಯ ಕಾಲದಲ್ಲಿ ಸಭೆಯ ಹೆಸರಿನಲ್ಲಿ 3,000 ಪೂವರಾಹಗಳನ್ನು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಠೇವಣಿ ಇಡಲಾಯಿತು. ಬಡ್ಡಿ ವರ್ಷಕ್ಕೆ ಶೇ. 8, ಅವಧಿಗೆ ಕೊನೆಯಿಲ್ಲ. ವರಾಹಕ್ಕೆ ಮೂರೂವರೆ ರೂಪಾಯಿಯಂತೆ ಅಸಲು 10,500 ರೂಪಾಯಿ, ವರ್ಷದ ಬಡ್ಡಿ 840 ರೂಪಾಯಿ. ದಕ್ಷಿಣ ಭಾರತದಲ್ಲಿ ಒಂದು ಕ್ರೈಸ್ತ ಸಭೆ ಯಾವುದೋ ಒಂದು ಊರಿನ ಇಗರ್ಜಿಗಾಗಿ ಅಲ್ಲದೆ ಇಡೀ ಸಮುದಾಯಕ್ಕಾಗಿ ಇಟ್ಟ ಸಾಮೂಹಿಕ ದತ್ತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಕೊಟ್ಟಾಯಂ ಸೆಮಿನರಿ ಎದ್ದು ನಿಲ್ಲಲು ಈ ಬಡ್ಡಿ ನೆರವಾಯಿತು. ಮೆಟ್ರೊಪಾಲಿಟನ್, ಒಬ್ಬ ಪಾದ್ರಿ, ಒಬ್ಬ ಗೃಹಸ್ಥ, ಈ ಮೂವರು ಟ್ರಸ್ಟಿಗಳು ಕೂಡಿ ಹಣ ಪಡೆಯುವ ಪದ್ಧತಿ ಬೆಳೆಯಿತು.

ಕಂಪನಿಯ ಬಳಿಕ ಬಡ್ಡಿ ಕೊಡುತ್ತಿದ್ದ ಸರಕಾರಕ್ಕೆ ಹಣದ ಕೊರತೆ ಇರಲಿಲ್ಲ. ಯಾರ ಕೈಗೆ ಕೊಡಬೇಕೆಂಬುದೇ ಅದಕ್ಕಿದ್ದ ತೊಡಕು. 1911ರಲ್ಲಿ ಸಭೆ ಎರಡಾಗಿ ಎರಡು ಕಡೆಯವರೂ ತಾವೇ ಟ್ರಸ್ಟಿಗಳೆಂದಾಗ, 1913ರಲ್ಲಿ ಸರಕಾರ ಬಡ್ಡಿಯನ್ನು ತಿರುವನಂತಪುರದ ಜಿಲ್ಲಾ ನ್ಯಾಯಾಲಯಕ್ಕೆ ಕಟ್ಟಿ, ಹಕ್ಕುದಾರರು ಯಾರೆಂದು ನೀವೇ ತೀರ್ಮಾನಿಸಿ ಎಂದಿತು. ವಟ್ಟಿಪ್ಪಣಂ ಮೊಕದ್ದಮೆ ಮುಗಿದದ್ದು 1928ರಲ್ಲಿ. ವರ್ಷಕ್ಕೆ 840 ರೂಪಾಯಿಯ ಹಕ್ಕಿಗಾಗಿ 15 ವರ್ಷ ನಡೆದ ಈ ವ್ಯಾಜ್ಯವನ್ನು ಬರಿಯ ಹಣದ ಜಗಳವೆಂದು ಓದಿದರೆ ತಪ್ಪಾಗುತ್ತದೆ. ಹಂಚಿಹೋಗದ ಒಂದೇ ನಿಧಿ ಇದ್ದುದರಿಂದಲೇ ನಿಜವಾದ ಸಭೆ ಯಾವುದು ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಬಂತು.

ಆ ಹೊತ್ತಿಗೆ ಬ್ರಹ್ಮಾವರದಲ್ಲಿ ಪಾದ್ರಿ ರೋಕ್ ಝೆಫ್ರಿನ್ ನೊರೊನ್ಹಾ ಹೊಸ ಸಮುದಾಯವನ್ನು ಕಟ್ಟುತ್ತಿದ್ದರು. ಆಲ್ವಾರಿಸರು 1923ರಲ್ಲಿ ತೀರಿಕೊಂಡ ಮೇಲೂ, 1936ರಲ್ಲಿ ತಾವು ಸಾಯುವತನಕ, ಅವರು ಅದನ್ನು ಚದುರದಂತೆ ಕಾಪಾಡಿದರು. ಬ್ರಹ್ಮಾವರ 2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯ ಪ್ರತ್ಯೇಕ ಧರ್ಮಪ್ರಾಂತವಾಯಿತು.

ಕರಾವಳಿಯ ಈ ಭಾಗಕ್ಕೆ ನಗದು ಬಡ್ಡಿಗಿಂತ ಹೆಚ್ಚು ಪರಿಚಿತವಾದ ಆದಾಯ ಅಕ್ಕಿ. ಕುಂದಾಪುರದ ರೊಜಾರಿ ಮಾತೆಯ ಇಗರ್ಜಿ 1570ರದು. ಕಲ್ಯಾಣಪುರದ ಮಿಲಾಗ್ರಿಸ್ 1678ರದು, ಕೆಳದಿ ಸಂಸ್ಥಾನ ಪೋರ್ತುಗೀಸರೊಡನೆ ಒಪ್ಪಂದ ಮಾಡಿಕೊಂಡ ವರ್ಷದ್ದು. ದೇವಸ್ಥಾನವಿರಲಿ, ಮಠವಿರಲಿ, ಬಸದಿಯಿರಲಿ, ಇಗರ್ಜಿಯಿರಲಿ, ಅಂದಿನ ದಕ್ಷಿಣ ಕನ್ನಡದಲ್ಲಿ ಧಾರ್ಮಿಕ ಸಂಸ್ಥೆಗೆ ಬಿಟ್ಟ ಭೂಮಿಯೆಂದರೆ ಗೇಣಿಯ ಭೂಮಿ. ಒಕ್ಕಲು ಕೊಯ್ಲು ಮುಗಿಸಿ, ಬೈಹುಲ್ಲಿನಲ್ಲಿ ಬಿಗಿದು ಸುತ್ತಿದ ಅಕ್ಕಿಮುಡಿಯನ್ನು ತಂದು ಅಂಗಳದಲ್ಲಿ ಇಳಿಸುತ್ತಿದ್ದ. ಮುಡಿಗೆ 42 ಸೇರು. ಮೂಲಗೇಣಿಯಾದರೆ ತಲೆತಲಾಂತರಕ್ಕೂ ಅಷ್ಟೇ ಮುಡಿ. ಲೆಕ್ಕ ಬದಲಾಗದು, ಆದರೆ ಅಕ್ಕಿಯ ಧಾರಣೆ ಏರಿದಂತೆ ಮುಡಿಯ ಬೆಲೆಯೂ ಏರುತ್ತಿತ್ತು. ವಟ್ಟಿಪ್ಪಣಂನಂತೆ ಇದೂ ಕೊನೆಯಿಲ್ಲದ, ನಿಗದಿಯಾದ ಆದಾಯವೇ. ಒಂದು ನಿಗದಿಯಾದದ್ದು ರೂಪಾಯಿಯಲ್ಲಿ, ಇನ್ನೊಂದು ಅಕ್ಕಿಯಲ್ಲಿ. ನನ್ನ ಮಟ್ಟಿಗೆ ಕರಾವಳಿಯ ದತ್ತಿಗಳ ಚರಿತ್ರೆಯನ್ನೆಲ್ಲ ಓದಲು ಈ ವ್ಯತ್ಯಾಸವೇ ಕೀಲಿಕೈ.

ಗೇಣಿಯೂ ಉಳಿಯಲಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಒಡೆಯನಾದ. ನ್ಯಾಯವಾದ ಬದಲಾವಣೆ ಅದು. ತಲೆಮಾರುಗಳ ಬೆವರಿಗೆ ಸಂದ ಫಲ. ಧಾರ್ಮಿಕ ಸಂಸ್ಥೆಗಳಿಗೆ ಪ್ರತಿಯಾಗಿ ಗೊತ್ತಾದದ್ದು ವರ್ಷಾಸನ, ಅಂದರೆ ಮತ್ತೆ ರೂಪಾಯಿಯಲ್ಲಿ ನಿಗದಿಯಾದ ಮೊತ್ತ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ 840 ರೂಪಾಯಿಯ ಕೊಳ್ಳುವ ಶಕ್ತಿ 50 ವರ್ಷದಲ್ಲಿ ಸುಮಾರು 73 ರೂಪಾಯಿಗೆ ಇಳಿಯುತ್ತದೆ. ಅಸಲಿನಲ್ಲಿ ಒಂದು ಕಾಸೂ ಕಳೆದಿರುವುದಿಲ್ಲ, ಆದರೂ ದತ್ತಿ ಬರಿದಾಗಿರುತ್ತದೆ.

ಕೆಥೋಲಿಕ ಧರ್ಮಶಾಸ್ತ್ರಕ್ಕೆ ಈ ಅಪಾಯದ ಅರಿವು ಇದ್ದಂತಿದೆ. ಸತ್ತವರ ಹೆಸರಿನಲ್ಲಿ ಪ್ರತಿವರ್ಷ ಬಲಿಪೂಜೆ ನಡೆಯಲೆಂದು ಮನೆಯವರು ಬಿಟ್ಟ ಹಣ ಇಗರ್ಜಿಗಳ ಹಳೆಯ ದತ್ತಿಗಳಲ್ಲೊಂದು. 1983ರ ಧರ್ಮಸಂಹಿತೆಯ 1305ನೇ ವಿಧಿ ಅಂಥ ಹಣವನ್ನು ತಡಮಾಡದೆ ಭದ್ರವಾದ ಕಡೆ ಇಟ್ಟು, ಬಳಿಕ ಎಚ್ಚರದಿಂದ ಹೂಡಬೇಕೆನ್ನುತ್ತದೆ. 1303ನೇ ವಿಧಿ ಇಂಥ ದತ್ತಿಯನ್ನು ದೀರ್ಘಕಾಲದ್ದೆಂದು ಒಪ್ಪುತ್ತದೆಯೇ ಹೊರತು ಎಂದೆಂದಿಗೂ ಎನ್ನುವುದಿಲ್ಲ. 1274ನೇ ವಿಧಿ ಪ್ರತಿ ಧರ್ಮಪ್ರಾಂತಕ್ಕೂ ಒಂದು ಸಾಮಾನ್ಯ ನಿಧಿಯನ್ನು ಹೇಳುತ್ತದೆ: ಉಳ್ಳ ಕಡೆಯಿಂದ ಇಲ್ಲದ ಕಡೆಗೆ ನೆರವು ಹರಿಯಲೆಂದು. 2012ರಲ್ಲಿ ಮಂಗಳೂರಿನಿಂದ ಬೇರೆಯಾದ ಉಡುಪಿ ಧರ್ಮಪ್ರಾಂತಕ್ಕೆ, ಅದರೊಳಗಿನ ಕುಂದಾಪುರ, ಗಂಗೊಳ್ಳಿ, ಬೈಂದೂರು ಇಗರ್ಜಿಗಳಿಗೆ ಅನ್ವಯಿಸುವ ನಿಯಮಗಳು ಇವೇ.

ಇಂಗ್ಲೆಂಡಿನ ಚರ್ಚು 1958ರಲ್ಲಿ ಇನ್ನೊಂದು ದಾರಿ ಹಿಡಿಯಿತು: ಚಿಕ್ಕ ದೊಡ್ಡ ಚರ್ಚುಗಳ ಹಣವನ್ನು ಒಂದೇ ನಿಧಿಯಾಗಿ ಕೂಡಿಸಿ, ಹಾಕಿದ ಹಣಕ್ಕೆ ತಕ್ಕಂತೆ ಯೂನಿಟ್ ಕೊಡುವುದು. ಎರಡು ಲಕ್ಷ ಹಾಕಿದವರಿಗೂ ಇಪ್ಪತ್ತು ಲಕ್ಷ ಹಾಕಿದವರಿಗೂ ಗಳಿಕೆಯ ದರ ಒಂದೇ. ಯಾರ ಪಾಲು ಎಷ್ಟೆಂಬ ಲೆಕ್ಕ ಮಾತ್ರ ಎಂದೂ ಕಲೆಯುವುದಿಲ್ಲ. ವಟ್ಟಿಪ್ಪಣಂನಲ್ಲಿ ಇರದಿದ್ದದ್ದು ಈ ಕೊನೆಯ ಅಂಶವೇ.

ನಮ್ಮಲ್ಲಿ ಹೂಡಿಕೆಗೆ ಕಾನೂನಿನ ಬೇಲಿಯೂ ಇದೆ. 1961ರ ಆದಾಯ ತೆರಿಗೆ ಕಾಯಿದೆಯ 11(5)ನೇ ಕಲಮು ಧಾರ್ಮಿಕ ಟ್ರಸ್ಟುಗಳಿಗೆ ಬ್ಯಾಂಕ್ ಠೇವಣಿ, ಅಂಚೆ ಕಚೇರಿ, ಸರಕಾರಿ ಸಾಲಪತ್ರ ಮುಂತಾದ ದಾರಿಗಳನ್ನು ಹೆಸರಿಸಿತು; ಮ್ಯೂಚುವಲ್ ಫಂಡಿಗೂ ಅವಕಾಶ ಸಿಕ್ಕಿತು, ಕಂಪನಿಯ ಷೇರನ್ನು ನೇರವಾಗಿ ಕೊಳ್ಳಲು ಸಾಮಾನ್ಯವಾಗಿ ಸಿಗಲಿಲ್ಲ. ಹೀಗಾಗಿ ಠೇವಣಿಯೇ ರೂಢಿಯಾಯಿತು. ಶೇ. 7 ಬಡ್ಡಿ ಬರುವ ಹತ್ತು ಲಕ್ಷದ ಠೇವಣಿಯಲ್ಲಿ ಎಪ್ಪತ್ತು ಸಾವಿರವನ್ನೂ ಹಬ್ಬಕ್ಕೆ, ದೀಪದೆಣ್ಣೆಗೆ ಖರ್ಚು ಮಾಡುವ ಸಮಿತಿ, ಬೆಲೆ ಶೇ. 5ರಂತೆ ಏರುತ್ತಿರುವಾಗ ನಿಜಕ್ಕೂ ಅಸಲನ್ನೇ ತಿನ್ನುತ್ತಿರುತ್ತದೆ. ಐವತ್ತು ಸಾವಿರವನ್ನು ಅಸಲಿಗೆ ಮರಳಿಸಿ ಇಪ್ಪತ್ತು ಸಾವಿರದಲ್ಲಿ ಹಬ್ಬ ಮಾಡಿದರೆ ಮಾತ್ರ, ಇಟ್ಟವರ ಮೊಮ್ಮಕ್ಕಳ ಕಾಲಕ್ಕೂ ಆ ದೀಪಕ್ಕೆ ಅಷ್ಟೇ ಎಣ್ಣೆ ದಕ್ಕೀತು.