ನೆತ್ತರುಗೊಡಗೆಯಿಂದ ಸಾಂತ್ವನದವರೆಗೆ

ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ ವೀರಗಲ್ಲುಗಳು ಅಪರೂಪವಲ್ಲ. ಕೆರೆಯ ಏರಿಯ ಬಳಿಯೋ, ಹಳೆಯ ಗುಡಿಯ ಮಗ್ಗುಲಲ್ಲೋ ನಿಂತಿರುವ ಇಂಥ ಕಲ್ಲುಗಳೆಲ್ಲವೂ ರಾಜರ ಯುದ್ಧದಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದವಲ್ಲ. ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು, ತುರುಗೋಳಿನ ಕಾಳಗದಲ್ಲಿ ಪ್ರಾಣ ಬಿಟ್ಟವರ ಕಲ್ಲುಗಳೂ ನಾಡಿನಲ್ಲಿ ಬಹಳಷ್ಟಿವೆ. ಹೀಗೆ ಸತ್ತವನ ಮನೆಯವರ ಜೀವನಕ್ಕೆ ತೆರಿಗೆಯಿಲ್ಲದ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಇತ್ತು. ಕನ್ನಡ ಶಾಸನಗಳು ಅದನ್ನು ‘ನೆತ್ತರುಗೊಡಗೆ’ ಎಂದು ಕರೆದಿವೆ.

ಅಪರಾಧಕ್ಕೆ ಸಿಕ್ಕಿ ನೊಂದವರ ಹೊಣೆ ಯಾರದು ಎಂಬ ಪ್ರಶ್ನೆಗೆ ನಮ್ಮ ಹಿಂದಿನವರು ಕೊಟ್ಟ ಉತ್ತರಗಳಲ್ಲಿ ಇದೂ ಒಂದು. ಇನ್ನೊಂದು ಉತ್ತರ ಧರ್ಮಶಾಸ್ತ್ರಗಳಲ್ಲಿದೆ. ಕಳ್ಳರು ಒಯ್ದ ಸ್ವತ್ತನ್ನು ರಾಜನು ಪ್ರಜೆಗೆ ಮರಳಿ ಕೊಡಿಸಬೇಕು ಎಂಬುದು ಯಾಜ್ಞವಲ್ಕ್ಯ ಸ್ಮೃತಿಯ ನಿಯಮ. ಕಳ್ಳ ಸಿಗದಿದ್ದರೆ ಬೊಕ್ಕಸದಿಂದಲೇ ತುಂಬಿಕೊಡಬೇಕು ಎಂಬ ಮಾತೂ ಶಾಸ್ತ್ರಗಳಲ್ಲಿ ಬರುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದದ್ದು ಕನ್ನಡ ನೆಲದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಎಂಬುದು ಗಮನಾರ್ಹ. ಈ ನಿಯಮ ಎಷ್ಟರಮಟ್ಟಿಗೆ ಆಚರಣೆಯಲ್ಲಿತ್ತು ಎಂಬುದು ಬೇರೆ ಮಾತು. ಕಾವಲು ಕಾಯದ ಅರಸ ನಷ್ಟ ತುಂಬಬೇಕು ಎಂಬ ತತ್ತ್ವವಂತೂ ಅಲ್ಲಿದೆ.

ಸಾಕ್ಷಿಯಾಗಿ ಉಳಿದ ಸಂತ್ರಸ್ತ

ಬ್ರಿಟಿಷರ ಕಾಲದ ಕಾನೂನಿನಲ್ಲಿ ಈ ತತ್ತ್ವ ಹಿಂದೆ ಸರಿಯಿತು. 1860ರ ದಂಡ ಸಂಹಿತೆಯ ಪ್ರಕಾರ ಮೊಕದ್ದಮೆ ನಡೆಯುವುದು ಸರ್ಕಾರಕ್ಕೂ ಆರೋಪಿಗೂ ನಡುವೆ. ಪೆಟ್ಟು ತಿಂದವರಿಗೆ ಅಲ್ಲಿ ಸಾಕ್ಷಿಯ ಸ್ಥಾನ ಮಾತ್ರ. 1898ರ ದಂಡ ಪ್ರಕ್ರಿಯಾ ಸಂಹಿತೆಯ 545ನೇ ಕಲಂ, ಆ ಬಳಿಕ 1973ರ ಸಂಹಿತೆಯ 357ನೇ ಕಲಂ ಪರಿಹಾರ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡಿದವು. ಆದರೆ ಆ ಹಣ ಬರಬೇಕಾದದ್ದು ಶಿಕ್ಷೆಯಾದ ಅಪರಾಧಿಯಿಂದ. ಅಪರಾಧಿ ಸಿಗದಿದ್ದರೆ, ಸಿಕ್ಕರೂ ಬಿಡುಗಡೆಯಾದರೆ ನೊಂದವರಿಗೆ ಬರಿಗೈ.

ಪಶ್ಚಿಮ ದೇಶಗಳಲ್ಲಿಯೂ ಸ್ಥಿತಿ ಇದಕ್ಕಿಂತ ಭಿನ್ನವಾಗಿರಲಿಲ್ಲ. ಇಂಗ್ಲೆಂಡಿನ ಸಮಾಜ ಸುಧಾರಕಿ ಮಾರ್ಜರಿ ಫ್ರೈ 1950ರ ದಶಕದಲ್ಲಿ ಎತ್ತಿದ ದನಿಯಿಂದ ಬದಲಾವಣೆ ಆರಂಭವಾಯಿತೆನ್ನಬಹುದು. 1963ರಲ್ಲಿ ನ್ಯೂಜಿಲೆಂಡ್ ಸರ್ಕಾರಿ ಪರಿಹಾರದ ಕಾಯ್ದೆ ತಂದಿತು. 1984ರಲ್ಲಿ ಅಮೆರಿಕ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಫೆಡರಲ್ ನ್ಯಾಯಾಲಯಗಳು ಅಪರಾಧಿಗಳಿಂದ ವಸೂಲು ಮಾಡುವ ದಂಡದ ಹಣ ಒಂದು ನಿಧಿಗೆ ಸೇರುತ್ತದೆ. ಅದರಿಂದ ರಾಜ್ಯಗಳಿಗೆ, ರಾಜ್ಯಗಳಿಂದ ಸಂತ್ರಸ್ತರ ಸೇವೆ ಮಾಡುವ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಹರಿಯುತ್ತದೆ. ಮರುವರ್ಷ, 1985ರ ನವೆಂಬರ್‌ನಲ್ಲಿ, ವಿಶ್ವಸಂಸ್ಥೆ ಸಂತ್ರಸ್ತರ ನ್ಯಾಯ ಕುರಿತ ಘೋಷಣೆಯನ್ನು ಅಂಗೀಕರಿಸಿತು.

ಅನುದಾನದ ದಾರಿ

ಭಾರತದಲ್ಲಿ ಈ ಕೆಲಸ ‘ಅಪರಾಧ ಸಂತ್ರಸ್ತರು’ ಎಂಬ ಹೆಸರಿನಲ್ಲಿ ಮೊದಲಾಗಲಿಲ್ಲ. ‘ಅನಾಥೆಯರು’, ‘ನಿರ್ಗತಿಕರು’ ಎಂಬ ಹೆಸರಿನಲ್ಲಿ ಮೊದಲಾಯಿತು. ಬೆಂಗಳೂರಿನ ಅಬಲಾಶ್ರಮ 1905ರಷ್ಟು ಹಿಂದೆಯೇ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ನೆರಳಾಗಿತ್ತು. ಸ್ವಾತಂತ್ರ್ಯದ ನಂತರ, 1953ರಲ್ಲಿ, ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪನೆಯಾಗಿ, ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರದ ಹಣ ತಲುಪುವ ದಾರಿ ತೆರೆಯಿತು. 1969ರಲ್ಲಿ ಅಲ್ಪಾವಧಿ ವಸತಿ ಗೃಹಗಳ ಯೋಜನೆ ಬಂತು. 1980ರ ದಶಕದಲ್ಲಿ, ವರದಕ್ಷಿಣೆ ಸಾವುಗಳ ವಿರುದ್ಧ ಮಹಿಳಾ ಚಳವಳಿ ಬಲಗೊಂಡ ದಿನಗಳಲ್ಲಿ, ಕುಟುಂಬ ಸಲಹಾ ಕೇಂದ್ರಗಳು ಹುಟ್ಟಿದವು.

ಕರ್ನಾಟಕದಲ್ಲಿ 1999ರಲ್ಲಿ ಬೆಂಗಳೂರು ಪೊಲೀಸ್ ಕಮಿಷನರ್ ಕಚೇರಿಯ ಆವರಣದಲ್ಲಿ ವನಿತಾ ಸಹಾಯವಾಣಿ ಆರಂಭವಾಯಿತು. ಬೆನ್ನಲ್ಲೇ, 2000-01ರಲ್ಲಿ, ರಾಜ್ಯ ಸರ್ಕಾರ ‘ಸಾಂತ್ವನ’ ಯೋಜನೆಯನ್ನು ಜಾರಿಗೆ ತಂದಿತು. ಅತ್ಯಾಚಾರ, ವರದಕ್ಷಿಣೆ ಕಿರುಕುಳ, ಲೈಂಗಿಕ ದೌರ್ಜನ್ಯಗಳಿಗೆ ಒಳಗಾದ ಮಹಿಳೆಯರಿಗೆ ಆಪ್ತಸಮಾಲೋಚನೆ, ಕಾನೂನು ನೆರವು, ತಾತ್ಕಾಲಿಕ ಆಶ್ರಯ, ತುರ್ತಿಗೆ 2,000ದಿಂದ 10,000 ರೂಪಾಯಿವರೆಗಿನ ಧನಸಹಾಯ—ಇವು ಯೋಜನೆಯ ಉದ್ದೇಶಗಳು. ಕೇಂದ್ರವನ್ನು ನಡೆಸುವ ಹೊಣೆ ಸ್ವಯಂಸೇವಾ ಸಂಸ್ಥೆಯದು, ಅನುದಾನ ಸರ್ಕಾರದ್ದು. ಜಿಲ್ಲಾ ಕೇಂದ್ರಗಳಲ್ಲಿ ಆರಂಭವಾದ ಯೋಜನೆ ಕ್ರಮೇಣ ತಾಲ್ಲೂಕುಗಳತ್ತ ವಿಸ್ತರಿಸಿತು. ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರಲ್ಲಿ ಬಂದ ಕಾಯ್ದೆ ಇಂಥ ಸಂಸ್ಥೆಗಳಿಗೆ ‘ಸೇವಾದಾತರು’ ಎಂಬ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು.

ಇತ್ತ ಪರಿಹಾರದ ಕಾನೂನೂ ಬದಲಾಯಿತು. ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿದ 357-ಎ ಕಲಂ 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದು, ಅಪರಾಧಿ ಪತ್ತೆಯಾಗದಿದ್ದರೂ ಸರ್ಕಾರವೇ ಪರಿಹಾರ ಕೊಡಬೇಕೆಂದಿತು. ಕರ್ನಾಟಕದ ಸಂತ್ರಸ್ತರ ಪರಿಹಾರ ಯೋಜನೆ 2011ರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಲ್ಲಿ ಈ ಹಕ್ಕು ಮುಂದುವರಿದಿದೆ. ಮಿತಾಕ್ಷರೆಯ ನಾಡಿನಲ್ಲಿ ಹಳೆಯ ತತ್ತ್ವ ಬಲು ದೂರ ಸುತ್ತಿ ಮರಳಿ ಬಂದಂತಾಯಿತು.

ಹಂದನಕೆರೆಯಿಂದ ನೋಡಿದರೆ

ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ಅದನ್ನು ಕೈಹಿಡಿದು ಕೊಡಿಸುವವರು ಬೇಕು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಂದನಕೆರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿ ಪೊಲೀಸ್ ಠಾಣೆಯಿದೆ. ನ್ಯಾಯಾಲಯ ಇರುವುದು ತಾಲ್ಲೂಕು ಕೇಂದ್ರದಲ್ಲಿ. ಪರಿಹಾರದ ಅರ್ಜಿಯನ್ನು ತೀರ್ಮಾನಿಸುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುವುದು ತುಮಕೂರಿನಲ್ಲಿ. 2015ರಲ್ಲಿ ಕೇಂದ್ರ ಸರ್ಕಾರ ನಿರ್ಭಯಾ ನಿಧಿಯಿಂದ ಆರಂಭಿಸಿದ ‘ಸಖಿ’ ಕೇಂದ್ರಗಳಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಕೆಲವು ದಿನಗಳ ಆಶ್ರಯ ಒಂದೇ ಸೂರಿನಡಿ ಸಿಗುತ್ತವೆ ನಿಜ. ಆದರೆ ಅವುಗಳ ಯೋಜನೆ ರೂಪುಗೊಂಡದ್ದು ಜಿಲ್ಲೆಯ ಲೆಕ್ಕದಲ್ಲಿ. ರಾತ್ರಿ ಹೊಡೆಸಿಕೊಂಡು ಮಗುವನ್ನು ಎತ್ತಿಕೊಂಡು ಹೊರಬಿದ್ದ ತೋಟದ ಮನೆಯ ಹೆಣ್ಣುಮಗಳಿಗೆ ಬೆಳಗಿನ ಮೊದಲ ಬಸ್ಸೇ ದೂರ. ಆಕೆಗೆ ಹತ್ತಿರದಲ್ಲೇ, ಗುರುತಿನ ಒಬ್ಬ ಕಾರ್ಯಕರ್ತೆ ಬೇಕು.

ಆ ಕಾರ್ಯಕರ್ತೆಯ ಸಂಬಳ ಬರುವುದು ಅನುದಾನದಿಂದ. ಅನುದಾನ ಬಜೆಟ್ಟಿಗೆ, ಬಜೆಟ್ಟು ಮಾರ್ಚ್ ತಿಂಗಳ ಲೆಕ್ಕಕ್ಕೆ ಕಟ್ಟುಬಿದ್ದಿದೆ. ಕಂತು ತಡವಾದರೆ ಮೊದಲು ನಿಲ್ಲುವುದು ಕಾರ್ಯಕರ್ತೆಯ ಸಂಬಳ. ಸಖಿ ಬಂದ ಮೇಲೆ ಸಾಂತ್ವನ ಏಕೆ ಎಂಬ ವಾದವೂ ಎದ್ದು, 2021ರಲ್ಲಿ ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚುವ ಪ್ರಸ್ತಾಪಕ್ಕೆ ಮಹಿಳಾ ಸಂಘಟನೆಗಳು ವಿರೋಧ ವ್ಯಕ್ತಪಡಿಸಿದ್ದವು.

ಅನುದಾನ ಪಡೆಯುವ ಸಂಸ್ಥೆಗಳೆಲ್ಲ ಪ್ರಾಮಾಣಿಕವಾಗಿರುತ್ತವೆ ಎನ್ನಲಾಗದು. ತಪಾಸಣೆ ಬೇಕು, ಲೆಕ್ಕ ಕೇಳಬೇಕು. ಆದರೆ ಲೆಕ್ಕ ಕೇಳುವುದು ಬೇರೆ, ಹಣವನ್ನೇ ತಡೆಯುವುದು ಬೇರೆ. ತಿಪಟೂರು ಸೀಮೆಯ ರೈತ ಅಟ್ಟದ ಮೇಲೆ ಕಾಯಿ ಹಾಕಿ ಉಂಡೆ ಕೊಬ್ಬರಿಗಾಗಿ ವರ್ಷದವರೆಗೆ ಕಾಯಬಲ್ಲ. ಏಟು ತಿಂದು ಬಂದವಳು ಕಾಯಲಾರಳು.

ನೆತ್ತರುಗೊಡಗೆಯಲ್ಲಿ ಒಂದು ಗಟ್ಟಿತನವಿತ್ತು. ಕೊಟ್ಟದ್ದು ಭೂಮಿ, ವರ್ಷವರ್ಷವೂ ಅರ್ಜಿ ಹಾಕಿ ಬೇಡಬೇಕಾದ ಕಂತಲ್ಲ. ಸಂತ್ರಸ್ತರ ಪರಿಹಾರಕ್ಕೆ ಇಂದು ಕಾನೂನಿನ ಬಲ ಬಂದಿದೆ. ಅವರ ಜೊತೆ ನಿಲ್ಲುವವರ ಅನುದಾನ ಮಾತ್ರ ಇನ್ನೂ ಯೋಜನೆಯ ಮರ್ಜಿಯಲ್ಲಿದೆ. ಅದಕ್ಕೂ ಅಂಥದೇ ಭದ್ರತೆ ಸಿಗುವವರೆಗೆ ನ್ಯಾಯ ಜಿಲ್ಲಾ ಕೇಂದ್ರದಿಂದ ಹೋಬಳಿಗೆ ಬರುವುದು ಕಷ್ಟ.