ಆಟ ಮುಗಿದ ಮೇಲೆ ಉಳಿಯುವುದೇನು?

ನಾನು ಡಿಜಿಟಲ್ ಆಟಗಳ ಇತಿಹಾಸದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಕಿರಿಯ ಗೆಳೆಯರು ಕೇಳುವ ಪ್ರಶ್ನೆ ಇತಿಹಾಸದ್ದಾಗಿರುವುದಿಲ್ಲ. ‘ಗೇಮಿಂಗ್ ವಿಡಿಯೊ ಮಾಡಬೇಕು, ರೆಕಾರ್ಡ್ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು, ಎಡಿಟಿಂಗಿಗೆ ಯಾವುದು?’ ಎಂದು ಕೇಳುತ್ತಾರೆ. ಎರಡು ಹೆಸರು ಹೇಳಿ ಮುಗಿಸಿಬಿಡಬಹುದಾದ ಪ್ರಶ್ನೆ ಇದು. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಆಟಗಾರರು ಈ ಪ್ರಶ್ನೆಗೆ ಕೊಟ್ಟುಕೊಂಡ ಉತ್ತರಗಳೇ, ಯಾರ ಆಟ ಇವತ್ತು ನಮಗೆ ನೋಡಲು ಸಿಗುತ್ತದೆ, ಯಾರದು ಸಿಗುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿವೆ. ಹಾಗಾಗಿ ನನ್ನ ಉತ್ತರ ಯಾವಾಗಲೂ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ.

1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ‘ಡೂಮ್’ ಆಟವನ್ನು ಬಿಡುಗಡೆ ಮಾಡಿತು. ಆಡಿದ್ದನ್ನು ದಾಖಲಿಸಿಕೊಳ್ಳುವ ಸೌಲಭ್ಯ ಆ ಆಟದೊಳಗೇ ಇತ್ತು. ಅದಕ್ಕೆ ‘ಡೆಮೊ’ ಎಂದು ಹೆಸರು. ಡೆಮೊ ಫೈಲಿನಲ್ಲಿ ಒಂದೇ ಒಂದು ಚಿತ್ರವೂ ಇರುವುದಿಲ್ಲ. ಡೂಮ್ ಸೆಕೆಂಡಿಗೆ 35 ಬಾರಿ ಆಟಗಾರನ ಕೈಚಲನೆಯನ್ನು ಗಮನಿಸುತ್ತದೆ: ಮುಂದೆ ಹೋದನೇ, ತಿರುಗಿದನೇ, ಗುಂಡು ಹಾರಿಸಿದನೇ. ಪ್ರತಿ ಸಲಕ್ಕೆ ನಾಲ್ಕು ಬೈಟ್ ಬರೆದಿಡುತ್ತದೆ. ಅಂದರೆ ಒಂದು ನಿಮಿಷದ ಆಟಕ್ಕೆ 8,400 ಬೈಟ್ ಸಾಕು. ಆ ಫೈಲನ್ನು ಇನ್ನೊಬ್ಬನ ಕಂಪ್ಯೂಟರಿಗೆ ಕೊಟ್ಟರೆ ಅಲ್ಲಿರುವ ಡೂಮ್ ಆಟವೇ ಆ ಸೂಚನೆಗಳನ್ನು ಓದಿಕೊಂಡು ಅದೇ ಆಟವನ್ನು ಮತ್ತೆ ಆಡಿ ತೋರಿಸುತ್ತದೆ. ಮೊಡೆಮ್ ಮೂಲಕ ಇಂಟರ್ನೆಟ್ ಬಳಸುತ್ತಿದ್ದ ಕಾಲಕ್ಕೆ ಇದು ದೊಡ್ಡ ಅನುಕೂಲ. ಅತಿ ಕಡಿಮೆ ಸಮಯದಲ್ಲಿ ಹಂತ ಮುಗಿಸುವ ಪೈಪೋಟಿ ಬೆಳೆದದ್ದು ಇಂಥ ಪುಟ್ಟ ಫೈಲುಗಳ ಮೇಲೆ.

ಇದನ್ನು ನಾನು ಯಕ್ಷಗಾನದ ಪ್ರಸಂಗಕ್ಕೆ ಹೋಲಿಸಿ ಅರ್ಥ ಮಾಡಿಕೊಳ್ಳುತ್ತೇನೆ. ಪ್ರಸಂಗದ ಪುಸ್ತಕದಲ್ಲಿ ಪದ್ಯಗಳಿರುತ್ತವೆ, ಆಟ ಇರುವುದಿಲ್ಲ. ಆಟ ಆಗಬೇಕಾದರೆ ಭಾಗವತರೂ ಮೇಳವೂ ಬೇಕು. ಡೆಮೊಕ್ಕೂ ಹಾಗೆಯೇ ಡೂಮ್ ಎಂಬ ಮೇಳ ಬೇಕು. ವ್ಯತ್ಯಾಸವೆಂದರೆ ಯಕ್ಷಗಾನದಲ್ಲಿ ಪ್ರತಿ ರಾತ್ರಿಯ ಆಟ ಬೇರೆಯಾದರೆ ಚಂದ. ಇಲ್ಲಿ ಕೂದಲೆಳೆಯಷ್ಟು ಬೇರೆಯಾದರೂ ಎಲ್ಲ ಕೆಡುತ್ತದೆ. ಆಟದ ಒಂದು ಆವೃತ್ತಿಯಲ್ಲಿ ದಾಖಲಿಸಿದ ಡೆಮೊವನ್ನು ಬೇರೆ ಆವೃತ್ತಿಯಲ್ಲಿ ಓಡಿಸಿದರೆ ಲೆಕ್ಕ ತಪ್ಪುತ್ತದೆ. ಆಟಗಾರ ಬಾಗಿಲು ಬಿಟ್ಟು ಗೋಡೆಗೆ ಮುಖ ಕೊಟ್ಟು ನಡೆಯುತ್ತಾನೆ, ಇಲ್ಲದ ಶತ್ರುವಿಗೆ ಗುಂಡು ಹೊಡೆಯುತ್ತಾನೆ.

1996ರಲ್ಲಿ ಅದೇ ಕಂಪನಿಯ ‘ಕ್ವೇಕ್’ ಬಂತು. ಅದರ ಡೆಮೊ ಕೈಚಲನೆಯ ಬದಲು ಯಾರು ಎಲ್ಲಿದ್ದಾರೆ, ಏನಾಯಿತು ಎಂಬ ಮಾಹಿತಿಯನ್ನು ಬರೆದಿಡುತ್ತಿತ್ತು. ಹೀಗಾಗಿ ಆಟ ಮುಗಿದ ಮೇಲೂ ಕ್ಯಾಮೆರಾವನ್ನು ಬೇರೆ ಕಡೆ ಇಟ್ಟು ನೋಡಲು ಸಾಧ್ಯವಾಯಿತು. ಅದೇ ವರ್ಷ ರೇಂಜರ್ಸ್ ಎಂಬ ಆಟಗಾರರ ತಂಡ ‘ಡೈರಿ ಆಫ್ ಎ ಕ್ಯಾಂಪರ್’ ಎಂಬ ಪುಟ್ಟ ಕಥೆಯನ್ನು ಹೀಗೆ ಮಾಡಿತು. 1997ರ ‘ಕ್ವೇಕ್ ಡನ್ ಕ್ವಿಕ್’ನಲ್ಲಿ ಹಲವು ಆಟಗಾರರು ಸೇರಿ ಇಡೀ ಆಟವನ್ನು 19 ನಿಮಿಷ 49 ಸೆಕೆಂಡಿನಲ್ಲಿ ಮುಗಿಸಿದರು. ಇಂಥ ಡೆಮೊಗಳನ್ನು ಕತ್ತರಿಸಿ ಜೋಡಿಸಲು ಕೀಗ್ರಿಪ್‌ನಂಥ ಉಪಕರಣಗಳು ಬಂದವು. ಗೇಮಿಂಗ್ ವಿಡಿಯೊದ ಎಡಿಟಿಂಗ್ ಹುಟ್ಟಿದ್ದು ವಿಡಿಯೊ ಬರುವ ಮೊದಲೇ ಎಂಬುದು ಈ ಚರಿತ್ರೆಯ ಸ್ವಾರಸ್ಯ.

ಆದರೆ ಡೆಮೊ ನೋಡಲು ನೋಡುವವನ ಹತ್ತಿರವೂ ಆ ಆಟ ಇರಬೇಕು. ಆಟ ಇಲ್ಲದವರಿಗೂ ತೋರಿಸಬೇಕೆಂದರೆ ಪರದೆಯನ್ನೇ ಹಿಡಿಯಬೇಕು. ಲೆಕ್ಕ ಹಾಕಿ ನೋಡಿ: 640×480 ಅಳತೆಯ ಚಿತ್ರ, ಪ್ರತಿ ಚುಕ್ಕೆಗೆ ಮೂರು ಬೈಟ್, ಸೆಕೆಂಡಿಗೆ 30 ಚಿತ್ರ. ಕುಗ್ಗಿಸದೆ ಇಟ್ಟರೆ ಒಂದೇ ಸೆಕೆಂಡಿಗೆ 2 ಕೋಟಿ 76 ಲಕ್ಷ ಬೈಟ್. ಡೂಮ್ ಡೆಮೊಕ್ಕೆ ಅದೇ ಒಂದು ಸೆಕೆಂಡಿಗೆ 140 ಬೈಟ್ ಸಾಕಾಗಿತ್ತು.

ಈ ಭಾರವನ್ನು ಹೊರಲು ಬಂದದ್ದು 1999ರ ಫ್ರಾಪ್ಸ್. ಸೆಕೆಂಡಿಗೆ ಎಷ್ಟು ಫ್ರೇಮು ಬರುತ್ತಿದೆ ಎಂದು ತೋರಿಸುವ ಉಪಕರಣವಾಗಿ ಹೆಸರಾದ ಅದು ಮುಂದೆ ಪರದೆಯನ್ನು ಚಿತ್ರೀಕರಿಸಲೂ ಕಲಿತಿತು. ಆಟ ತಡವರಿಸದಿರಲೆಂದು ಅದು ಚಿತ್ರಗಳನ್ನು ಹೆಚ್ಚು ಕುಗ್ಗಿಸುತ್ತಿರಲಿಲ್ಲ, ಹಾಗಾಗಿ ಹಾರ್ಡ್ ಡಿಸ್ಕ್ ಬೇಗ ತುಂಬುತ್ತಿತ್ತು. ಉಚಿತ ಆವೃತ್ತಿಯಲ್ಲಿ 30 ಸೆಕೆಂಡು ಮಾತ್ರ ರೆಕಾರ್ಡ್ ಆಗುತ್ತಿತ್ತು, ಮೇಲೆ ಕಂಪನಿಯ ಗುರುತು ಬೇರೆ. ಹಣ ಕೊಡಲಾಗದವರ ಸಾಹಸಗಳು ಅರ್ಧ ನಿಮಿಷದ ತುಣುಕುಗಳಾಗಿ ಉಳಿದವು. ಆ ತುಣುಕುಗಳನ್ನು ವರ್ಚುವಲ್‌ಡಬ್‌ನಲ್ಲಿ ಕುಗ್ಗಿಸಿ, ವಿಂಡೋಸ್ ಜೊತೆಗೇ ಬರುತ್ತಿದ್ದ ಮೂವಿ ಮೇಕರ್‌ನಲ್ಲಿ ಜೋಡಿಸುವುದು ಒಂದು ಪೀಳಿಗೆಯ ರೂಢಿಯಾಯಿತು. ಟಿವಿಗೆ ಜೋಡಿಸಿ ಆಡುವ ಎಕ್ಸ್‌ಬಾಕ್ಸ್‌ನಲ್ಲಿ ಇಂಥ ತಂತ್ರಾಂಶ ಹಾಕುವಂತಿರಲಿಲ್ಲ. 2003ರ ಏಪ್ರಿಲ್ 1ರಂದು ಶುರುವಾದ ‘ರೆಡ್ ವರ್ಸಸ್ ಬ್ಲೂ’ ಸರಣಿಯವರು ‘ಹೇಲೊ’ ಆಟದ ದೃಶ್ಯಗಳನ್ನು ಕಂಪ್ಯೂಟರಿಗೆ ಹಿಡಿದು, ಧ್ವನಿಯನ್ನು ಬೇರೆಯಾಗಿ ದಾಖಲಿಸಿ, ಅಡೋಬಿ ಪ್ರೀಮಿಯರ್‌ನಲ್ಲಿ ಸೇರಿಸಿದರು.

ಇಲ್ಲಿಂದ ಮುಂದೆ ಕಥೆ ಚಿತ್ರದಿಂದ ಮಾತಿನ ಕಡೆಗೆ ಹೊರಳುತ್ತದೆ. 2007ರ ಸುಮಾರಿಗೆ ಸಮ್‌ಥಿಂಗ್ ಆಫುಲ್ ಎಂಬ ಜಾಲತಾಣದಲ್ಲಿ ‘ಲೆಟ್ಸ್ ಪ್ಲೇ’ ಎಂಬ ಬಗೆ ವಿಡಿಯೊ ರೂಪ ಪಡೆಯಿತು. ಮೊದಲು ಆಟದ ಚಿತ್ರಗಳ ಕೆಳಗೆ ಟಿಪ್ಪಣಿ ಬರೆಯುತ್ತಿದ್ದವರು ಈಗ ಆಡುತ್ತಾ ಮಾತಾಡತೊಡಗಿದರು. ಹಿಂದೆ ಡೆಮೊವನ್ನು ಪ್ರಸಂಗ ಎಂದೆನಲ್ಲ, ಈ ಮಾತನ್ನು ತಾಳಮದ್ದಳೆಯ ಅರ್ಥ ಎನ್ನಬಹುದು. ಪ್ರಸಂಗ ಎಲ್ಲರಿಗೂ ಒಂದೇ, ಅರ್ಥ ಮಾತ್ರ ಆಯಾ ಅರ್ಥಧಾರಿಯದು. ಕರಾವಳಿಯಲ್ಲಿ ದೊಡ್ಡ ಅರ್ಥಧಾರಿಗಳ ಮಾತು ನಮಗೆ ಉಳಿದಿರುವುದು ಪ್ರಸಂಗದ ಪುಸ್ತಕಗಳಿಂದಲ್ಲ, ಯಾರೋ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ಟುಗಳಿಂದ. ಹಾಗೆಯೇ ಆಟಗಾರನ ಧ್ವನಿಗೆ ಡೆಮೊ ಫೈಲಿನಲ್ಲಿ ಜಾಗವಿರಲಿಲ್ಲ. ಅದು ಉಳಿದದ್ದು ವಿಡಿಯೊದಿಂದ.

2012–13ರಲ್ಲಿ ಭಾರ ಹೊರುವವರು ಬದಲಾದರು. ಹ್ಯೂ ಬೇಲಿ 2012ರಲ್ಲಿ ಓಬಿಎಸ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದರು: ಗುರುತಿನ ಮುದ್ರೆ ಇಲ್ಲ, ಸಮಯದ ಮಿತಿ ಇಲ್ಲ, ಹಣವೂ ಇಲ್ಲ. 2013ರಲ್ಲಿ ಎನ್‌ವಿಡಿಯಾದ ಶಾಡೋಪ್ಲೇ ಬಂದು, ಚಿತ್ರ ಕುಗ್ಗಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ ಅದಕ್ಕೆಂದೇ ಇರುವ ಭಾಗಕ್ಕೆ ಒಪ್ಪಿಸಿತು. ಅದೇ ವರ್ಷದ ಪ್ಲೇಸ್ಟೇಷನ್ 4 ಕೊನೆಯ 15 ನಿಮಿಷದ ಆಟವನ್ನು ತಾನೇ ನೆನಪಿಟ್ಟುಕೊಳ್ಳುತ್ತಿತ್ತು. ಫ್ರಾಪ್ಸ್‌ನ ಕೊನೆಯ ಆವೃತ್ತಿ ಬಂದದ್ದೂ 2013ರಲ್ಲೇ.

ನಮ್ಮ ಕಡೆ ಬಹಳಷ್ಟು ಮಂದಿಗೆ ಆಟವೆಂದರೆ ಮೊಬೈಲ್. 2014ರ ಆಂಡ್ರಾಯ್ಡ್ 5ರಿಂದ ಸಾಮಾನ್ಯ ಆ್ಯಪ್‌ಗಳೂ ಪರದೆಯನ್ನು ರೆಕಾರ್ಡ್ ಮಾಡುವಂತಾಯಿತು. ಆದರೆ ಆಟದ ಒಳಧ್ವನಿಯನ್ನು ನೇರವಾಗಿ ಹಿಡಿಯಲು ಅವಕ್ಕೆ ಅವಕಾಶ ಸಿಕ್ಕಿದ್ದು 2019ರ ಆಂಡ್ರಾಯ್ಡ್ 10ರಲ್ಲಿ. ನಡುವಿನ ವರ್ಷಗಳ ಕನ್ನಡದ ವಿಡಿಯೊಗಳನ್ನು ಕೇಳುವಾಗ ಆಟದ ಗುಂಡಿನ ಸದ್ದು, ಹುಡುಗನ ಮಾತು, ಫ್ಯಾನಿನ ಗಾಳಿ, ಒಳಗಿನಿಂದ ಅಮ್ಮ ಕರೆಯುವುದು ಎಲ್ಲ ಒಂದೇ ಮೈಕಿನಲ್ಲಿ ಬೆರೆತಿರುತ್ತವೆ. ಸಂಶೋಧಕಿಯಾದ ನನಗೆ ಅದು ಇಷ್ಟ, ಮನೆಯೇ ದಾಖಲಾಗಿರುತ್ತದಲ್ಲ. ಆದರೆ ಅವನ ಮಾತಷ್ಟನ್ನೇ ಚೊಕ್ಕವಾಗಿ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಉಳಿಯುವುದರ ಬಗ್ಗೆ ಎರಡು ಉದಾಹರಣೆ ಕೊಡುತ್ತೇನೆ. 1997ರಲ್ಲಿ ಇಡ್ ಸಾಫ್ಟ್‌ವೇರ್ ಡೂಮ್‌ನ ಮೂಲ ಸಂಕೇತವನ್ನು ಬಹಿರಂಗ ಮಾಡಿತು. ಅದರ ಬಲದಿಂದ ಆಸಕ್ತರು ಹಳೆಯ ಡೆಮೊಗಳನ್ನು ಸರಿಯಾಗಿ ಓಡಿಸುವ ಹೊಸ ತಂತ್ರಾಂಶಗಳನ್ನು ಕಟ್ಟಿದರು. ಆ 8,400 ಬೈಟ್‌ಗಳು ಇವತ್ತಿಗೂ ಜೀವಂತ. ಇನ್ನೊಂದು ಕಡೆ, ಇಂಥ ವಿಡಿಯೊಗಳಿಂದಲೇ ಬೆಳೆದ ಮಷಿನಿಮಾ ಎಂಬ ಸಂಸ್ಥೆ 2019ರ ಜನವರಿಯಲ್ಲಿ ತನ್ನ ಯೂಟ್ಯೂಬ್ ಚಾನಲ್ಲಿನ ವಿಡಿಯೊಗಳನ್ನು ಒಮ್ಮೆಲೇ ಖಾಸಗಿ ಮಾಡಿತು. ಮೂಲ ಪ್ರತಿ ಇಟ್ಟುಕೊಳ್ಳದೆ ಅಲ್ಲಿಗೇ ಒಪ್ಪಿಸಿದ್ದವರಿಗೆ ತಮ್ಮ ಕೆಲಸವೇ ಕಾಣದಾಯಿತು.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಕಂಪ್ಯೂಟರಿನಲ್ಲಿ ಆಡುವವರಿಗೆ ನಾನು ಓಬಿಎಸ್ ಹೇಳುತ್ತೇನೆ. ಬರೀ ಉಚಿತವೆಂದಲ್ಲ, ಆಟದ ಸದ್ದನ್ನೂ ನಿಮ್ಮ ಮಾತನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇಡಲು ಅದು ಬಿಡುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಎನ್‌ಕೋಡರ್ ಇದ್ದರೆ ಅದನ್ನೇ ಆರಿಸಿ. ಫೈಲನ್ನು ಎಂಕೆವಿ ರೂಪದಲ್ಲಿ ರೆಕಾರ್ಡ್ ಮಾಡಿ: ನಡುವೆ ಕರೆಂಟು ಹೋದರೂ ಅಲ್ಲಿಯತನಕದ್ದು ಉಳಿಯುತ್ತದೆ, ಮಾಮೂಲಿ ಎಂಪಿ4 ಆದರೆ ಅರ್ಧಕ್ಕೆ ನಿಂತ ಫೈಲು ತೆರೆಯದೇ ಹೋಗಬಹುದು. ಆಮೇಲೆ ಓಬಿಎಸ್‌ನಲ್ಲೇ ಎಂಪಿ4ಗೆ ಬದಲಿಸಿಕೊಳ್ಳಬಹುದು.

ಎಡಿಟಿಂಗಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಸಾಧಾರಣ ಕಂಪ್ಯೂಟರಾದರೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್. ತೀರ್ಮಾನಿಸುವ ಮೊದಲು ಅದರಲ್ಲಿ ‘ರಾಷ್ಟ್ರ’, ‘ಸ್ತ್ರೀ’, ‘ಅರ್ಥ’ ಎಂದು ಟೈಪ್ ಮಾಡಿ ನೋಡಿ. ಒತ್ತಕ್ಷರ ಒಡೆದು ಹೋದರೆ ಆ ತಂತ್ರಾಂಶ ನಮ್ಮ ಭಾಷೆಗೆ ಇನ್ನೂ ಸಿದ್ಧವಾಗಿಲ್ಲ ಎಂದರ್ಥ.

ಎಡಿಟಿಂಗ್ ಪ್ರಾಜೆಕ್ಟ್ ಫೈಲಿನೊಳಗೆ ಸಾಮಾನ್ಯವಾಗಿ ಚಿತ್ರಗಳಿರುವುದಿಲ್ಲ. ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಎಂಬ ಸೂಚನೆ ಮಾತ್ರ ಇರುತ್ತದೆ. ಅದೂ ಒಂದು ಪ್ರಸಂಗವೇ. ಮೂಲ ರೆಕಾರ್ಡಿಂಗ್ ಅಳಿಸಿಬಿಟ್ಟರೆ ಮೇಳವಿಲ್ಲದ ಪ್ರಸಂಗದಂತೆ ಅದು ಸುಮ್ಮನೆ ಕೂರುತ್ತದೆ. ಎಲ್ಲವನ್ನೂ ಇಡಲು ಜಾಗ ಸಾಲದಿದ್ದರೆ ನಿಮ್ಮ ಧ್ವನಿಯ ಟ್ರ್ಯಾಕನ್ನಾದರೂ ಬೇರೆ ತೆಗೆದಿಡಿ. ಆ ಆಟವನ್ನು ಮುಂದೆ ಯಾರು ಬೇಕಾದರೂ ಆಡಬಹುದು. ಅದಕ್ಕೆ ನೀವು ನಿಮ್ಮೂರಿನ ಕನ್ನಡದಲ್ಲಿ ಹೇಳಿದ ಅರ್ಥ ಮಾತ್ರ ಬೇರೆಲ್ಲೂ ಸಿಗುವುದಿಲ್ಲ.